ಸ್ಟೀರಿಂಗ್ ಇಲ್ಲದ ಸೀಟು

ಇನ್ನೂ ಬೀದಿದೀಪಗಳು ಆರಿಲ್ಲ. ಹಳೆಯ ಗೋದಾಮಿನ ಹಿಂದಿನ ಸಿಮೆಂಟು ಅಂಗಳದಲ್ಲಿ ಬಿಳಿಯ ಸಣ್ಣ ಕಾರೊಂದು ನಿಂತಿದೆ. ಬಂಪರಿನ ಮೂಲೆಗಳಲ್ಲೆಲ್ಲ ಹಳೆಯ ತರಚುಗಾಯ. ಹಿಂದಿನ ಗಾಜಿನ ಮೇಲೆ ‘ಕಲಿಯುವವರ ವಾಹನ’ ಎಂಬ ಬರಹ, ಅದರಲ್ಲೂ ಎರಡು ಅಕ್ಷರ ಮಾಸಿವೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಒಳಗೆ ಕೂತು, ಮುಂದಿನ ಗಾಜನ್ನು ಹಳೆಯ ಪತ್ರಿಕೆಯಿಂದ ತಿಕ್ಕುತ್ತಿದ್ದಾರೆ.

“ಹೊರಗಡೆ ಕೊಳೆ ಎಲ್ರಿಗೂ ಕಾಣುತ್ತೆ. ಒಳಗಡೆ ಕೂತಿರುತ್ತಲ್ಲ ಉಸಿರಿನ ಮಬ್ಬು, ಅದು ಎದುರುಗಡೆಯಿಂದ ಲೈಟು ಬಿದ್ದಾಗ್ಲೇ ಗೊತ್ತಾಗೋದು. ಅಷ್ಟೊತ್ತಿಗೆ ತಡ ಆಗಿರುತ್ತೆ,” ಎನ್ನುತ್ತಾರೆ.

ಗಾಜು ಮುಗಿಸಿ, ಚಪ್ಪಲಿ ಬಿಚ್ಚಿ ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಲೇಸನ್ನು ಒಳಗೆ ತುರುಕುತ್ತಾರೆ. ಪೆಡಲ್ ಕೆಳಗೆ ಚಪ್ಪಲಿಯೋ ಲೇಸೋ ಸಿಕ್ಕಿಕೊಂಡರೆ ಯಾರ ಬುದ್ಧಿವಂತಿಕೆಯೂ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂರುತ್ತಾರೆ. ಅವರ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ. ತಲೆಯ ಮೇಲೆ ಅವರಿಗೇ ಎಂದು ಅಂಟಿಸಿದ ಇನ್ನೊಂದು ಕನ್ನಡಿ ಇದೆ. ಆಕ್ಸಿಲರೇಟರ್ ಇಲ್ಲ. ಸ್ಟೀರಿಂಗ್ ಅಂತೂ ಇಲ್ಲವೇ ಇಲ್ಲ.

“ನಿಲ್ಸೋದಕ್ಕೆ ನಂಗೆ ಅಧಿಕಾರ ಇದೆ, ಹೋಗೋದಕ್ಕಿಲ್ಲ. ಹದಿನಾರು ವರ್ಷದಿಂದ ಇದೇ ಸೀಟು,” ಎಂದು ನಗುತ್ತಾರೆ. ನಗು ತುಟಿಯಿಂದ ಮೇಲಕ್ಕೆ ಹತ್ತುವುದಿಲ್ಲ.

ಇವರು ಊರಿನ ಮೋಟಾರು ಶಾಲೆಯೊಂದರಲ್ಲಿ ಹೊಸಬರಿಗೆ ಕಾರು ಕಲಿಸುವವರು. ಕಲಿಯಲು ಬಂದವರ ಬಾಯಲ್ಲಿ ‘ಬ್ರೇಕಕ್ಕ’. ಬೆಳಕು ಹರಿಯುವ ಮೊದಲು ಶುರುವಾದರೆ ಬಿಸಿಲೇರುವವರೆಗೆ ಒಂದು ಸುತ್ತು, ಸಂಜೆ ಮತ್ತೊಂದು ಸುತ್ತು. ದಿನಕ್ಕೆ ಹತ್ತು ಹನ್ನೆರಡು ಮಂದಿ. ಅವರಲ್ಲಿ ಅಳುವವರಿದ್ದಾರೆ. ಗಂಡನ ಮೇಲಿನ ಸಿಟ್ಟನ್ನು ಗೇರಿನ ಮೇಲೆ ತೀರಿಸಿಕೊಳ್ಳುವವರಿದ್ದಾರೆ. ನನಗೆಲ್ಲ ಗೊತ್ತು ಎಂದು ಬಂದು ಮೊದಲ ದಿನವೇ ಹ್ಯಾಂಡ್‌ಬ್ರೇಕ್ ಎತ್ತಿಟ್ಟುಕೊಂಡು ಗಾಡಿ ಓಡಿಸುವವರೂ ಇದ್ದಾರೆ.

ಮೊದಲ ದಿನ ಬ್ರೇಕಕ್ಕ ಎಂಜಿನ್ನನ್ನೇ ಚಾಲೂ ಮಾಡಿಸುವುದಿಲ್ಲ. ಸೀಟು ಎಷ್ಟು ಮುಂದೆ, ಬೆನ್ನು ಎಲ್ಲಿ ಒರಗಬೇಕು, ಕನ್ನಡಿಯಲ್ಲಿ ಏನು ಕಾಣಬೇಕು, ಬೆಲ್ಟು ಎಲ್ಲಿ ಕೂರಬೇಕು ಎಂಬುದರಲ್ಲೇ ಪಾಠ ಮುಗಿಯುತ್ತದೆ. ಎರಡನೆಯ ದಿನ ಕ್ಲಚ್ಚು. ಈಗ ಪಕ್ಕದಲ್ಲಿ ಬಂದು ಕೂತಿರುವವರು, ಎರಡು ವಾರವಾದರೂ ಕ್ಲಚ್ಚು ದಾಟದ ಒಬ್ಬ ನಿವೃತ್ತ ಗುಮಾಸ್ತರು. ಗಾಡಿ ಮೂರು ಸಲ ಕುಪ್ಪಳಿಸಿ ಆಫ್ ಆಗುತ್ತದೆ.

“ಸಾರ್, ತೊಡೆ ಮೇಲೆ ಮಲಗಿರೋ ಕೂಸಿನ ಕೆಳಗಿಂದ ಕೈ ತೆಗೀತೀರಲ್ಲ, ಹಾಗೆ ಬಿಡ್ಬೇಕು ಕ್ಲಚ್ಚು. ಸರಕ್ಕಂತ ತೆಗೆದ್ರೆ ಎದ್ದು ಅರಚುತ್ತೆ.”

“ನಮ್ಮನೇಲಿ ಕೂಸು ಎತ್ಕೊಂಡಿದ್ದೆಲ್ಲ ನಮ್ಮವಳೇ ಕಣಮ್ಮ.”

“ಅದಕ್ಕೇ ಈಗ ಕಷ್ಟ ಪಡ್ತಾ ಇದೀರಿ. ಇನ್ನೊಂದ್ಸಲ. ಗಾಡಿ ಸಣ್ಣಗೆ ನಡುಗುತ್ತೆ ನೋಡಿ, ಅಲ್ಲೇ ಪಾದ ನಿಲ್ಲಿಸಿ. ಉಸಿರಾಡಿ. ಹ್ಞಾಂ, ಹೊರಟ್ರಲ್ಲ!”

ಈ ಕಾರಿನಲ್ಲಿ ಕಲಿಯುವವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಬ್ರೇಕಕ್ಕ ತಮ್ಮ ಕಡೆಯ ಬ್ರೇಕು ಒತ್ತಿದರೆ, ಕಲಿಯುವವರ ಪಾದದಡಿಯ ಪೆಡಲ್ ಕೂಡ ತಾನಾಗಿ ಕೆಳಗಿಳಿಯುತ್ತದೆ. ಎರಡಕ್ಕೂ ನಡುವೆ ಕಂಬಿಯ ನಂಟು. ಯಾರು ಒತ್ತಿದರು ಎಂಬುದನ್ನು ಮುಚ್ಚಿಡಲಾಗದು. ಶುರುವಿನಲ್ಲಿ ಅವರ ಪಾದ ಸದಾ ಪೆಡಲ್ಲನ್ನು ಸವರಿಕೊಂಡೇ ಇರುತ್ತದೆ. ನಂಬಿಕೆ ಬಂದ ದಿನ ಎರಡೂ ಕಾಲನ್ನು ಹಿಂದಕ್ಕೆಳೆದು ಸೀಟಿನ ಅಂಚಿಗೆ ತಾಗಿಸುತ್ತಾರೆ. ಕಾಲು ಹಿಂದೆ ಹೋಯಿತೆಂದರೆ ಪರೀಕ್ಷೆಗೆ ಕಳಿಸಬಹುದು ಎಂದರ್ಥ. ಶಾಲೆಯ ಯಜಮಾನರೂ ಇದನ್ನೇ ಕೇಳುವುದು. “ಅಕ್ಕ ಹ್ಞೂಂ ಅಂದ್ರೆ ಹ್ಞೂಂ. ಅವ್ರು ಇನ್ನೂ ಅಂದ್ರೆ ಇನ್ನೂ. ಅವ್ರು ಹ್ಞೂಂ ಅಂದೋರು ಪರೀಕ್ಷೇಲಿ ಫೇಲಾಗಿ ಬಂದಿದ್ದು ನಾನಂತೂ ನೋಡಿಲ್ಲ,” ಎನ್ನುತ್ತಾರೆ ಅವರು.

ಹಾಗಾಗಿ ಸರದಿ ಕಾಯುವ ಬೆಂಚಿನ ಮೇಲೆ ಮಾತೆಲ್ಲ ಇದೇ. ಗುಮಾಸ್ತರು ಇಳಿದು ಬಂದವರೇ ಗೊಣಗುತ್ತಾರೆ. “ಮೊನ್ನೆ ಸೇರಿದ ಕಾಲೇಜು ಹುಡುಗಿಗೆ ಆಗ್ಲೇ ಕಾಲು ಹಿಂದೆ ತಗೊಂಡ್ರಂತೆ. ನಂಗೆ ನೋಡಿ, ಇಟ್ಟ ಕಾಲು ಕೀಳೋದೇ ಇಲ್ಲ.”

“ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಇಟ್ಟಿದೀನಿ ಸಾರ್,” ಎಂದು ಕಾರಿನೊಳಗಿಂದಲೇ ಉತ್ತರ ಬರುತ್ತದೆ. ಬೆಂಚು ನಗುತ್ತದೆ. ಗುಮಾಸ್ತರು ನಗುವುದಿಲ್ಲ. ಕಲಿಯುವ ಜಾಗದಲ್ಲಿ ಹೊಟ್ಟೆಕಿಚ್ಚಿಗೆ ವಯಸ್ಸಿನ ಮಿತಿಯಿಲ್ಲ.

ಬ್ರೇಕಕ್ಕ ಈ ಶಾಲೆಗೆ ಮೊದಲು ಬಂದದ್ದು ಫೋನ್ ಎತ್ತಲು. ಗಂಡ ಮುದ್ರಣಾಲಯದಲ್ಲಿ ಕಟಿಂಗ್ ಯಂತ್ರದ ಕೆಲಸಗಾರ. ಮಗಳು ಆಗ ಚಿಕ್ಕವಳು. ಫೋನ್ ಬಾರದ ಹೊತ್ತಿನಲ್ಲಿ ಅಂಗಳದಲ್ಲಿ ಕಾರು ಹಿಂದೆ ಮುಂದೆ ಮಾಡಿ ಕಲಿತರು. ಹೆಂಗಸೇ ಕಲಿಸುವುದಾದರೆ ಬರುತ್ತೇವೆ ಎನ್ನುವವರು ಹೆಚ್ಚಾದಾಗ ಯಜಮಾನರು ಫೋನನ್ನು ಬೇರೆಯವರಿಗೆ ಕೊಟ್ಟು ಇವರನ್ನು ಪಕ್ಕದ ಸೀಟಿಗೆ ಕೂರಿಸಿದರು. “ಒಂದಿನ ಒಬ್ರು ಬ್ರೇಕು ಅಂದ್ಕೊಂಡು ಆಕ್ಸಿಲರೇಟರ್ ತುಳಿದ್ರು. ಗೇಟು ಎದುರಿಗೇ ಇತ್ತು. ನಾನು ಎರಡು ಕಾಲಲ್ಲೂ ಒತ್ತಿ ನಿಂತ್ಕೊಂಡೆ ಅಂತಾನೇ ಹೇಳ್ಬೇಕು. ಅವತ್ತಿಂದ ಈ ಮಂಡಿ ಮೆಟ್ಲು ಹತ್ತೋವಾಗ ಮಾತಾಡುತ್ತೆ,” ಎಂದು ಮೊಣಕಾಲು ತಟ್ಟಿಕೊಳ್ಳುತ್ತಾರೆ.

ಕೇಳಿದವರು ಮಂಡಿಯ ಬಗ್ಗೆ ಮರುಗುತ್ತಾರೆ. ಅವರಿಗೆ ನೋಯುವುದು ಬೇರೆ ಕಡೆ. ಕಲಿತು ಹೋದವರು ಕಾರು ಕೊಳ್ಳುತ್ತಾರೆ. ಪಾಠ ಮುಗಿಸಿ ಬ್ರೇಕಕ್ಕ ಬಸ್ ಸ್ಟಾಪಿನಲ್ಲಿ ನಿಂತಾಗ ಎದುರಿನಿಂದಲೇ ಹಾದುಹೋಗುತ್ತಾರೆ.

“ಕೈ ಬೀಸಲ್ಲ. ತಿರುಗಿ ನೋಡಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಬೈಯೋಣ ಅಂದ್ರೆ ಹಾಗೆ ಕಲಿಸಿದ್ದು ನಾನೇ! ಹಗ್ಗ ಕೊಟ್ಟು ಕಟ್ಟಿಸಿಕೊಂಡ ಹಾಗಾಯ್ತು. ಅವರು ಸಿಗ್ನಲ್ ಹಾಕಿ ಚೆಂದಾಗಿ ತಿರುಗಿಸಿಕೊಂಡು ಹೋಗ್ತಾರೆ, ನನ್ನ ಹೊಟ್ಟೆ ಒಳಗೆ ಒಂದು ಕಡ್ಡಿ ಗೀರಿದ ಹಾಗಾಗುತ್ತೆ. ಸುಳ್ಳು ಯಾಕೆ ಹೇಳ್ಲಿ?”

ಹೊರಗಿನವರ ಮೇಲಿನ ಈ ಕಿಚ್ಚು ಬಸ್ಸು ಬರುವಷ್ಟರಲ್ಲಿ ಆರುತ್ತಿತ್ತು. ಈಚೆಗೆ ಅದು ಮನೆಯೊಳಗೇ ಹೊತ್ತಿಕೊಂಡಿದೆ.

ಮೈದುನನ ಹೆಂಡತಿ, ಎಂದರೆ ಬ್ರೇಕಕ್ಕನ ವಾರಗಿತ್ತಿ, ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ಬದುಕುವವರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು ಬರಲು ಕ್ಲಿನಿಕ್ಕು ಒಬ್ಬ ನರ್ಸನ್ನು ನೇಮಿಸುತ್ತಿದೆ. ಓಡಾಡಲು ಕಾರು ಕೊಡುತ್ತಾರೆ. ರಾತ್ರಿ ಪಾಳಿ ಇರುವುದಿಲ್ಲ. ಈ ತಿಂಗಳೊಳಗೆ ಲೈಸೆನ್ಸ್ ತಂದು ತೋರಿಸಿದರೆ ಕೆಲಸ ವಾರಗಿತ್ತಿಗೆ, ಇಲ್ಲವಾದರೆ ಇನ್ನೊಬ್ಬರಿಗೆ. ಕಾರು ಮನೆಯ ಮುಂದೆಯೇ ನಿಲ್ಲಬಹುದಂತೆ.

“ಅಕ್ಕನೇ ಕಲಿಸೋಳು ಇರೋವಾಗ ನಂಗೇನು ಚಿಂತೆ ಅಂತ ಬಂದೆ,” ಎನ್ನುತ್ತಾರೆ ವಾರಗಿತ್ತಿ. ಚುರುಕು ಕೈ, ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳದವರು. ನರ ಹುಡುಕಿ ಸೂಜಿ ಹಾಕುವವರಿಗೆ ಕ್ಲಚ್ಚಿನ ನಡುಕ ಹುಡುಕುವುದು ಯಾವ ದೊಡ್ಡ ಕೆಲಸ? ಕನ್ನಡಿ ನೋಡದೆ ಅಂಗುಲ ಕದಲುವುದಿಲ್ಲ. ಏರುದಾರಿಯಲ್ಲಿ ಗಾಡಿ ಹಿಂದೆ ಜಾರುವುದಿಲ್ಲ.

ಉರಿಯುವ ಬೆಂಕಿಗೆ ಎಣ್ಣೆ ಸುರಿದವರು ಅತ್ತೆ. ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಅಂದರಂತೆ: “ಮನೆ ಮುಂದೆ ಒಂದು ಕಾರು ನಿಲ್ಲೋದನ್ನ ಕಣ್ಮುಚ್ಚೋದ್ರೊಳಗೆ ನೋಡ್ತೀನಿ ಅಂತಾಯ್ತು. ಇಷ್ಟು ವರ್ಷ ದೊಡ್ಡವಳು ಕಾರಲ್ಲೇ ಕೂತಿದ್ಲು, ಕಾರು ತಂದಿದ್ದು ಚಿಕ್ಕವಳು.”

“ನಾನು ಬಡಿಸ್ತಾ ಇದ್ದೆ. ಸೌಟು ಹಾಗೇ ನಿಂತ್ಹೋಯ್ತು,” ಎನ್ನುತ್ತಾರೆ ಬ್ರೇಕಕ್ಕ. “ನನ್ನ ಗಂಡ ಬೇರೆ, ಹೌದಮ್ಮ ಅಂತ ತಲೆ ಆಡಿಸ್ದ. ಅವನಿಗೆ ಅವತ್ತು ಎರಡನೇ ಸಲ ಬಡಿಸ್ಲಿಲ್ಲ.”

ಅಂದಿನಿಂದ ಶಾಲೆಯ ಯಜಮಾನರು, “ನಿಮ್ಮ ವಾರಗಿತ್ತಿ ಹೇಗೆ ಓಡಿಸ್ತಾರೆ?” ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ. “ಪರವಾಗಿಲ್ಲ. ಇನ್ನೂ ಸ್ವಲ್ಪ ದಿನ ಆಗ್ಲಿ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಾಲು ಪೆಡಲ್ಲಿನಿಂದ ಹಿಂದೆ ಬಂದಿಲ್ಲ. ತಿಂಗಳು ಮಾತ್ರ ಮುಗಿಯುತ್ತ ಬಂದಿದೆ.

ಈಗ ಸ್ಟೀರಿಂಗಿನಲ್ಲಿ ಕೂತಿರುವವರು ಆ ವಾರಗಿತ್ತಿಯೇ. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾರೆ. ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಂಡರೆ ಇಬ್ಬರ ಬೆನ್ನು ಮಾತ್ರ ಕಾಣುತ್ತದೆ, ಮಾತು ಪೂರ್ತಿ ಕೇಳುತ್ತದೆ.

“ನಿದ್ದೆಗಣ್ಣಲ್ಲಿ ಬಂದಿದೀಯಲ್ಲೇ?”

“ಪಾಳೀಲಿ ಎರಡು ಗಂಟೆ ಮಲಗಿದ್ದೆ ಅಕ್ಕ. ಮುಖ ತೊಳ್ಕೊಂಡು ಬಂದೆ.”

“ನಿದ್ದೆ ಬಂದ್ರೆ ಹೇಳು, ನಿಲ್ಸಿಬಿಡು. ಧೈರ್ಯ ತೋರ್ಸೋ ಜಾಗ ಅಲ್ಲ ಇದು.”

“ನಿಲ್ಸೋದಕ್ಕೆ ನೀವಿದೀರಲ್ಲ,” ಎನ್ನುತ್ತಾರೆ ವಾರಗಿತ್ತಿ. ಮಾತು ಮೃದುವಾಗಿದೆ, ತುದಿ ಚೂಪಾಗಿದೆ.

ಕಾರು ಗೇಟು ದಾಟಿ ರಸ್ತೆಗಿಳಿಯುತ್ತದೆ. ಅಂಗಡಿಗಳ ಶಟರು ಈಗಷ್ಟೇ ಏಳುತ್ತಿವೆ. ಸೈಕಲ್ಲಿನವನಿಗೆ ಒಂದು ಬಾಗಿಲಿನಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಾರೆ. ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ಹಾರಿ ಬರಬಹುದೆಂದು ತಾವೇ ನಿಧಾನಿಸುತ್ತಾರೆ. ತಪ್ಪು ಹುಡುಕಲು ಕೂತವರಿಗೂ ತಪ್ಪು ಸಿಗುವುದಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಗೇರು ಬದಲಾಗುತ್ತದೆ.

“ಕ್ಲಿನಿಕ್ಕಿನ ಗಾಡಿ ನೀಲಿ ಬಣ್ಣದ್ದಂತೆ ಅಕ್ಕ. ಹೊಸದು,” ಎನ್ನುತ್ತಾರೆ ವಾರಗಿತ್ತಿ, ರಸ್ತೆಯಿಂದ ಕಣ್ಣು ತೆಗೆಯದೆ.

ಬ್ರೇಕಕ್ಕ ತಲೆ ಎತ್ತಿ ತಮ್ಮ ಕನ್ನಡಿ ನೋಡುತ್ತಾರೆ. ಮುಂದೆ ಕೂಡುರಸ್ತೆ. ಹಸಿರು ದೀಪ ಉರಿಯುತ್ತಿದೆ, ಅಡ್ಡ ಯಾರೂ ಇಲ್ಲ. ವಾರಗಿತ್ತಿ ಎರಡೂ ಕಡೆ ಕಣ್ಣಾಡಿಸಿ ಮುಂದುವರಿಯುತ್ತಾರೆ. ಕಾರು ನಡು ದಾರಿಯಲ್ಲಿ ಗಕ್ಕನೆ ನಿಲ್ಲುತ್ತದೆ. ಎಲ್ಲರ ಎದೆಗೂ ಬೆಲ್ಟು ಕಚ್ಚುತ್ತದೆ. ಹಿಂದಿನಿಂದ ರಬ್ಬರು ಉಜ್ಜುವ ಕಿರುಚು ಕೇಳುತ್ತದೆ. ಬ್ರೆಡ್ಡಿನ ವ್ಯಾನೊಂದು ಒಂದು ಗೇಣು ಅಂತರದಲ್ಲಿ ನಿಂತಿದೆ.

ವ್ಯಾನಿನವನು ಇಳಿದೇ ಬರುತ್ತಾನೆ. “ಯಾರಮ್ಮ ಬ್ರೇಕು ಹಾಕಿದ್ದು? ಏನಿತ್ತು ಎದುರಿಗೆ? ಗಾಳಿಗೆ ಬ್ರೇಕು ಹಾಕ್ತೀರಾ? ಕಲಿಯೋರು ಕಲಿಯೋ ಜಾಗದಲ್ಲಿ ಕಲೀರಿ!”

“ನಂದೇ ತಪ್ಪು ಅಣ್ಣ. ಹೊಸಬಳು, ಕಾಲು ಎಡವಿತು,” ಎನ್ನುತ್ತಾರೆ ವಾರಗಿತ್ತಿ.

ಅವನು ಬೈದುಕೊಂಡು ಹೋಗುತ್ತಾನೆ. ವಾರಗಿತ್ತಿ ಕಾರನ್ನು ಮೆಲ್ಲಗೆ ಚಾಲೂ ಮಾಡಿ, ಕೂಡುರಸ್ತೆ ದಾಟಿ, ಸಿಗ್ನಲ್ ಹಾಕಿ ಬದಿಗೆ ನಿಲ್ಲಿಸುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ.

“ಅಕ್ಕ, ಪೆಡಲ್ ತಾನಾಗಿ ಇಳೀತು.”

“ಗೊತ್ತು.”

“ನನ್ನ ಕಾಲು ಅದರ ಮೇಲೆ ಇರ್ಲೇ ಇಲ್ಲ.”

“ಗೊತ್ತು ಅಂದ್ನಲ್ಲ!” ಬ್ರೇಕಕ್ಕನ ದನಿ ಏರಿ, ಅಲ್ಲೇ ಕುಸಿಯುತ್ತದೆ. “ಆ ವ್ಯಾನು ನನ್ನ ಕನ್ನಡೀಲಿ ಕಾಣ್ತಾ ಇತ್ತು ಕಣೇ. ನೋಡಿದ್ದೆ. ಆದ್ರೂ ಕಾಲು ಹೋಯ್ತು. ಬೇಕಂತ ಒತ್ಲಿಲ್ಲ ನಾನು. ಬೇಡ ಅಂತ ತಡೀಲೂ ಇಲ್ಲ.”

“ಅವನ ಹತ್ರ ಯಾಕೆ ನಂದು ತಪ್ಪು ಅಂದೆ ನೀನು?” ಎಂದು ಬ್ರೇಕಕ್ಕನೇ ಕೇಳುತ್ತಾರೆ.

“ಊರವರೆಲ್ಲ ನಿಮ್ಮನ್ನ ಅಕ್ಕ ಅಂತಾರೆ. ರಸ್ತೇಲಿ ನಿಂತು ಬೈಸ್ಕೊಳ್ಳೋದಾ? ನನ್ನನ್ನ ಯಾರಿಗೆ ಗೊತ್ತು?” ವಾರಗಿತ್ತಿ ಈಗ ತಿರುಗಿ ನೋಡುತ್ತಾರೆ. “ನಂಗೂ ಕಿಚ್ಚಿದೆ ಅಕ್ಕ. ಎಲ್ಲಿ ಹೋದ್ರೂ, ಓ ಬ್ರೇಕಕ್ಕನ ಮನೆಯವ್ಳಾ ಅಂತಾರೆ. ಹನ್ನೊಂದು ವರ್ಷ ಸೂಜಿ ಚುಚ್ಚಿದ್ರೂ ನಂಗೆ ಹೆಸರು ನಿಮ್ಮಿಂದಾನೇ. ಅದಕ್ಕೇ ಆ ನೀಲಿ ಗಾಡಿ ಬೇಕು ನಂಗೆ. ಬೇಕಂತಾನೇ ಹೇಳಿದ್ದು ಅದನ್ನ, ನಿಮಗೆ ಉರೀಲಿ ಅಂತ.”

“ಉರೀತು,” ಎನ್ನುತ್ತಾರೆ ಬ್ರೇಕಕ್ಕ.

ಅಂಗಳಕ್ಕೆ ಹಿಂದಿರುಗಿದ ಕೂಡಲೇ ಅವರು ಯಜಮಾನರ ಕೋಣೆಗೆ ಹೋಗಿ ಇಷ್ಟೇ ಹೇಳುತ್ತಾರೆ: “ಇವಳ ಜೊತೆ ಇವತ್ತು ನೀವು ಕೂತ್ಕೊಳ್ಳಿ. ನನ್ನ ಕಾಲು ಸರಿಯಿಲ್ಲ.”

“ಮಂಡಿ ಮತ್ತೆ ನೋಯ್ತಾ ಇದೆಯಾ?”

“ಮಂಡಿ ಅಲ್ಲ.” ನಂತರ ಕೂಡುರಸ್ತೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳುತ್ತಾರೆ. ವ್ಯಾನು ಎಷ್ಟು ಹತ್ತಿರ ಬಂದಿತ್ತು ಎಂಬುದನ್ನೂ ಕೈ ಅಗಲಿಸಿ ತೋರಿಸುತ್ತಾರೆ. ಯಜಮಾನರು ಕನ್ನಡಕ ಹಾಕಿಕೊಂಡು ಹೊರಗೆ ನಡೆಯುತ್ತಾರೆ.

ಇದು ಸಣ್ಣ ಕೆಲಸವಲ್ಲ. ಅವರ ಮಾತಿಗೆ ಇಲ್ಲಿರುವ ಬೆಲೆಯೆಲ್ಲ ಆ ಕಾಲಿನ ಮೇಲೆ ನಿಂತಿರುವಂಥದ್ದು. ಅದನ್ನೇ ನಂಬಬೇಡಿ ಎಂದು ತಾವಾಗಿ ಹೇಳಿ ಬರುವುದೆಂದರೆ, ಅಂಗಡಿಯವನು ತನ್ನ ತಕ್ಕಡಿ ಸರಿಯಿಲ್ಲವೆಂದು ಗಿರಾಕಿಯ ಮುಂದೆ ಒಪ್ಪಿಕೊಂಡ ಹಾಗೆ. ನಾಲ್ಕು ದಿನ ಸುಮ್ಮನಿದ್ದಿದ್ದರೆ ತಿಂಗಳು ತಾನಾಗಿ ಮುಗಿಯುತ್ತಿತ್ತು, ನೀಲಿ ಕಾರು ಬೇರೆ ಯಾರದೋ ಮನೆಯ ಮುಂದೆ ನಿಲ್ಲುತ್ತಿತ್ತು. ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಬ್ರೇಕಕ್ಕ ಕಾಯುವವರ ಬೆಂಚಿನ ಮೇಲೆ ಕೂರುತ್ತಾರೆ. ಗುಮಾಸ್ತರು ಸರಿದು ಜಾಗ ಮಾಡಿಕೊಡುತ್ತಾರೆ. ಅಂಗಳದಲ್ಲಿ ವಾರಗಿತ್ತಿ ಎರಡು ಟೈರುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತೂರಿಸುತ್ತಿದ್ದಾರೆ. ಕತ್ತು ಹೊರಳಿಸಿ, ಒಂದು ಕನ್ನಡಿ, ಇನ್ನೊಂದು ಕನ್ನಡಿ, ಮತ್ತೆ ಹಿಂದಿನ ಗಾಜು ನೋಡುತ್ತ, ಅವಸರವಿಲ್ಲದೆ. ತಾವು ಕಲಿಸಿದ್ದನ್ನು ಹೊರಗೆ ಕೂತು ನೋಡುವುದು ಬ್ರೇಕಕ್ಕನಿಗೆ ಅಭ್ಯಾಸವಿಲ್ಲ. ಪಾದ ನೆಲವನ್ನು ಒತ್ತುತ್ತಲೇ ಇದೆ.

“ಏನಮ್ಮ, ಸಿಮೆಂಟು ತೂತು ಮಾಡ್ತೀಯಾ?” ಎಂದು ಗುಮಾಸ್ತರು ಕಿಚಾಯಿಸುತ್ತಾರೆ.

“ನೋಡಿ ಸಾರ್, ಹೇಗೆ ನುಗ್ಗಿಸಿದ್ಲು. ಟೈರಿಗೆ ತಾಗ್ಲಿಲ್ಲ. ನಾನು ಕಲಿಯೋವಾಗ ಅದೇ ಟೈರು ಮೂರು ಸಲ ಉರುಳಿಸಿದ್ದೆ. ಮೈಯೆಲ್ಲ ಉರೀತಾ ಇದೆ,” ಎನ್ನುತ್ತಾರೆ ಅವರು. ಕಣ್ಣು ಮಾತ್ರ ಕಾರಿನಿಂದ ಕೀಳುವುದಿಲ್ಲ.

ಕಾರು ರಸ್ತೆಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತದೆ. ಯಜಮಾನರು ಇಳಿಯುತ್ತ ಕೇಳುತ್ತಾರೆ: “ಇದರಲ್ಲಿ ಇನ್ನೇನು ಕಲಿಸೋದು ಬಾಕಿ ಇತ್ತಮ್ಮ?”

“ಏನೂ ಇಲ್ಲ. ಒಂದು ವಾರದಿಂದ ಏನೂ ಇಲ್ಲ,” ಎನ್ನುತ್ತಾರೆ ಬ್ರೇಕಕ್ಕ. “ನಾಡಿದ್ದಿನ ಪರೀಕ್ಷೆಗೇ ಕಳ್ಸಿ. ಹ್ಞೂಂ ಅಂತಾ ಇದೀನಿ.”

ವಾರಗಿತ್ತಿ ಕೇಳಿಸಿಕೊಂಡರೂ ಕೇಳಿಸದವರಂತೆ ಸೀಟನ್ನು ಹಿಂದಕ್ಕೆ ಸರಿಸಿ, ಕಿಟಕಿ ಏರಿಸಿ, ಕೀಲಿ ಕೊಡುತ್ತಾರೆ. “ಮನೆಗೆ ಹೋಗಿ ಮಲ್ಗು. ಅಡುಗೆ ನಾನು ಬಂದು ನೋಡ್ಕೋತೀನಿ. ಪರೀಕ್ಷೆ ವಿಷಯ ಅತ್ತೆ ಮುಂದೆ ಈಗ್ಲೇ ಬಾಯಿ ಬಿಡ್ಬೇಡ, ಬೀದಿಗೆಲ್ಲ ಸಾರಿಬಿಡ್ತಾರೆ,” ಎನ್ನುತ್ತಾರೆ ಬ್ರೇಕಕ್ಕ.

“ಹೇಳೋದು ನಾನೇ,” ಎನ್ನುತ್ತಾರೆ ವಾರಗಿತ್ತಿ ನಡೆಯುತ್ತ. “ಭಾವನಿಗೆ ನೀವು ಎರಡನೇ ಸಲ ಬಡಿಸೋವಾಗ.”

ಗುಮಾಸ್ತರು ಕೇಳಿ ಪಡೆದ ಎರಡನೇ ಸರದಿ ಮುಗಿದು, ಇನ್ನಿಬ್ಬರ ಸರದಿಯೂ ಮುಗಿದು, ಬಿಸಿಲು ಅಂಗಳದ ಅಂಚಿಗೆ ಬಂದಿದೆ. ಬ್ರೇಕಕ್ಕ ಬಸ್ಸಿಗೆ ಹೊರಡುವ ಮುನ್ನ ಶೂ ಬಿಚ್ಚುತ್ತಿದ್ದಾರೆ. ನಿಮಗೂ ಒಂದು ಕಾರು ಬೇಕೆನಿಸುವುದಿಲ್ಲವೇ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

“ಈ ವಯಸ್ಸಲ್ಲಿ ಕಾರು ತಗೊಂಡು ಏನ್ಮಾಡ್ಲಿ? ನನ್ನಾಸೆ ಬೇರೆ. ಓಡೋ ಗಾಡೀಲಿ ಒಂದ್ಸಲ ನಿದ್ದೆ ಮಾಡ್ಬೇಕು. ಬಸ್ಸಲ್ಲಿ ಕೂತ್ರೂ ಡ್ರೈವರ್ ಜೊತೆ ನಾನೂ ಬ್ರೇಕು ಒತ್ತಾ ಇರ್ತೀನಿ. ಹಿಂದಿನ ಸೀಟಲ್ಲಿ ಬೆಲ್ಟು ಹಾಕ್ಕೊಂಡು, ಕಣ್ಣು ಮುಚ್ಚಿ, ಎಲ್ಲೋ ಒಂದು ಕಡೆ ಎಚ್ಚರ ಆಗ್ಬೇಕು.”

ಯಾರು ಓಡಿಸುವ ಗಾಡಿಯಲ್ಲಿ ಎಂದು ಕೇಳಿದರೆ ಶೂ ಎರಡನ್ನೂ ಜೋಡಿಸಿ ಸೀಟಿನ ಕೆಳಗಿಡುತ್ತಾರೆ.

“ಇನ್ಯಾರು, ಅವಳೇ. ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನಲ್ಲ, ನಾಳೆಯೂ ಇರುತ್ತೆ. ಆದ್ರೆ ಅವಳು ಓಡಿಸ್ತಾ ಇದ್ರೆ ನಿದ್ದೆ ಬರುತ್ತೆ ನೋಡಿ. ಅಷ್ಟು ಚೆನ್ನಾಗಿ ಕಲಿಸಿದೀನಿ.”